ಹಳೆಯ ವಿಡಿಯೋ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೀರುವಿನ ಮೇಲೋ ಮಂಚದ ಕೆಳಗೋ ಡಬ್ಬಿ ತುಂಬ ವಿಡಿಯೋ ಕ್ಯಾಸೆಟ್ ಇಟ್ಟುಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಒಂದು ಕಡೆ ಸೇರಿಸಿದ್ದೇನೆ. ಮೊದಲು ಸುಲಭದವು, ಆಮೇಲೆ ಸ್ವಲ್ಪ ತಲೆ ತಿನ್ನುವಂಥವು. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು. ನನ್ನ ಒಂದು ಪಟ್ಟು ಮಾತ್ರ ಎಲ್ಲ ಕಡೆ ಕಾಣುತ್ತದೆ: ಕಂಪ್ಯೂಟರಿಗೆ, ಸಾಫ್ಟ್‌ವೇರಿಗೆ ಸುರಿಯುವ ದುಡ್ಡನ್ನು ಕ್ಯಾಸೆಟ್ ಓಡಿಸುವ ಪ್ಲೇಯರಿಗೆ ಹಾಕಿ.

## ಶುರು ಮಾಡುವ ಮೊದಲು

ಇಷ್ಟು ವರ್ಷ ಇಟ್ಟಿದ್ದೇವೆ, ಏನೂ ಆಗಿಲ್ಲ. ಈಗೇನು ಅವಸರ?

ಹೊರಗಿನಿಂದ ನೋಡಿದರೆ ಏನೂ ಆಗಿರುವುದಿಲ್ಲ, ನಿಜ. ಒಳಗಿರುವ ರೀಲು ತೆಳುವಾದ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಕಾಂತೀಯ ಪುಡಿಯನ್ನು ಅಂಟಿನಂಥ ವಸ್ತುವಿನಲ್ಲಿ ಕಲಸಿ ಬಳಿದಿರುತ್ತಾರೆ. ಆ ಅಂಟು ಗಾಳಿಯ ತೇವ ಹೀರಿ ನಿಧಾನಕ್ಕೆ ಸಡಿಲವಾಗುತ್ತದೆ. ಸೆಖೆ, ತೇವ ಜಾಸ್ತಿ ಇರುವ ಕಡೆ ಇದು ಬೇಗ ಆಗುತ್ತದೆ.

ಇದಕ್ಕಿಂತ ದೊಡ್ಡ ತಲೆನೋವು ಪ್ಲೇಯರಿನದು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಎನ್ನಲಾದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ಈಗ ಸಿಗುವುದೆಲ್ಲ ಹಳೆಯವೇ. ಅವುಗಳ ರಬ್ಬರ್ ಬೆಲ್ಟು ಸಡಿಲ, ಕೆಪ್ಯಾಸಿಟರ್ ಒಣಗಿದ್ದು, ರೀಲನ್ನು ಓದುವ ಹೆಡ್ ಸವೆದದ್ದು. ರಿಪೇರಿ ಗೊತ್ತಿರುವವರೂ ಕಡಿಮೆಯಾಗುತ್ತಿದ್ದಾರೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಎಚ್ಚರಿಸಿತ್ತು: 2025ರೊಳಗೆ ಡಿಜಿಟಲ್ ಆಗದ ಟೇಪುಗಳು ಬಹುಪಾಲು ಕೈತಪ್ಪಿ ಹೋಗುತ್ತವೆ ಎಂದು. ಆ ವರ್ಷ ಬಂತೆಂದು ಎಲ್ಲ ಕ್ಯಾಸೆಟ್ಟೂ ಒಟ್ಟಿಗೆ ಸತ್ತುಹೋಗಲಿಲ್ಲ. ಒಣ ಜಾಗದಲ್ಲಿಟ್ಟ ಎಷ್ಟೋ ಕ್ಯಾಸೆಟ್ ಈಗಲೂ ಚೆನ್ನಾಗಿ ಓಡುತ್ತವೆ. ಓಡುತ್ತಿರುವಾಗಲೇ ಇಳಿಸಿಕೊಳ್ಳಿ ಅಂತಷ್ಟೇ ನಾನು ಹೇಳುವುದು.

ನನ್ನ ಹತ್ತಿರ ಇರೋದು ಯಾವ ಥರದ ಕ್ಯಾಸೆಟ್ ಅಂತ ಗೊತ್ತಾಗೋದು ಹೇಗೆ?

ಪುಸ್ತಕದಷ್ಟು ದೊಡ್ಡದು, ಒಳಗೆ ಅರ್ಧ ಇಂಚು ಅಗಲದ ರೀಲು: ವಿಎಚ್‌ಎಸ್. 1976ರಲ್ಲಿ ಜೆವಿಸಿ ಕಂಪನಿ ತಂದದ್ದು, ಮನೆಗಳಲ್ಲಿ ಹೆಚ್ಚಾಗಿ ಇರುವುದು ಇದೇ. ಅದಕ್ಕಿಂತ ಸ್ವಲ್ಪ ಚಿಕ್ಕದಾಗಿದ್ದರೆ ಸೋನಿಯ ಬೀಟಾಮ್ಯಾಕ್ಸ್ ಇರಬಹುದು. ಅದಕ್ಕೆ ಬೇರೆಯದೇ ಪ್ಲೇಯರ್ ಬೇಕು.

ಅಂಗೈಯಲ್ಲಿ ಹಿಡಿಯುವಷ್ಟಿದ್ದು ಒಳಗಿನ ರೀಲು ಅರ್ಧ ಇಂಚಿನದೇ ಆಗಿದ್ದರೆ ಅದು ವಿಎಚ್‌ಎಸ್-ಸಿ. ಅದನ್ನು ದೊಡ್ಡ ಕ್ಯಾಸೆಟ್ ಆಕಾರದ ಅಡಾಪ್ಟರಿನಲ್ಲಿ ಕೂರಿಸಿ ಮಾಮೂಲಿ ವಿಸಿಆರ್‌ಗೆ ಹಾಕಬಹುದು. ಅಡಾಪ್ಟರಿನೊಳಗೆ ಹಳೆಯ ಬ್ಯಾಟರಿ ಸೋರಿ ಹಸಿರುಗಟ್ಟಿದೆಯಾ ಅಂತ ಮೊದಲು ನೋಡಿ.

ಆಡಿಯೋ ಕ್ಯಾಸೆಟ್ಟಿನಷ್ಟು ಅಗಲ, ಅದಕ್ಕಿಂತ ದಪ್ಪ ಇದ್ದರೆ ಅದು 8 ಮಿಲಿಮೀಟರ್ ಬಳಗ: ವಿಡಿಯೋ8, ಹೈ8, ಡಿಜಿಟಲ್8. ಮೂರೂ ನೋಡಲು ಒಂದೇ ಥರ. ಇವನ್ನು ವಿಸಿಆರ್‌ಗೆ ಹಾಕುವ ಅಡಾಪ್ಟರ್ ಇಲ್ಲವೇ ಇಲ್ಲ. ಆ ಕಾಲದ ಕ್ಯಾಮೆರಾದಲ್ಲೇ ಓಡಿಸಬೇಕು. ಎಲ್ಲಕ್ಕಿಂತ ಪುಟ್ಟದು ಮಿನಿಡಿವಿ. ಅದರ ಕಥೆಯೇ ಬೇರೆ, ಮುಂದೆ ಪ್ರತ್ಯೇಕ ಪ್ರಶ್ನೆ ಇದೆ.

ಟಿವಿಯಲ್ಲಿ ಪ್ಲೇ ಮಾಡಿ ಮೊಬೈಲ್‌ನಲ್ಲಿ ಶೂಟ್ ಮಾಡಿಕೊಂಡರೆ ಆಗಲ್ವಾ?

ಬೇರೇನೂ ದಾರಿ ಇಲ್ಲ, ಕ್ಯಾಸೆಟ್ ಇವತ್ತೋ ನಾಳೆಯೋ ಅನ್ನುವಂತಿದೆ ಎಂದಾದರೆ ಅದೂ ಸರಿ. ಇಲ್ಲದಿದ್ದರೆ ಬೇಡ. ಪರದೆ ಮಿಣುಕುತ್ತದೆ, ಬಣ್ಣ ಹೋಗುತ್ತದೆ, ಕೋಣೆಯ ಫ್ಯಾನಿನ ಸದ್ದು ಸೇರಿಕೊಳ್ಳುತ್ತದೆ. ವಿಸಿಆರ್ ಓಡುತ್ತಿದೆ ಅಂದಮೇಲೆ ಒಂದು ವೈರ್ ಎಳೆದರೆ ಇದಕ್ಕಿಂತ ಎಷ್ಟೋ ಚೆನ್ನಾದ ಪ್ರತಿ ಸಿಗುತ್ತದೆ.

ಅಂಗಡಿಗೆ ಕೊಡೋದಾ, ಮನೆಯಲ್ಲೇ ಮಾಡೋದಾ?

ನಾಲ್ಕೈದು ಕ್ಯಾಸೆಟ್ ಇದ್ದರೆ, ಪ್ಲೇಯರ್ ಇಲ್ಲದಿದ್ದರೆ ಅಂಗಡಿಗೇ ಕೊಡಿ. ದೊಡ್ಡ ರಾಶಿ ಇದ್ದರೆ, ಬಿಡುವು ಇದ್ದರೆ ಮನೆಯಲ್ಲಿ ಮಾಡಬಹುದು. ಒಂದು ವಿಷಯ ನೆನಪಿರಲಿ: ಮೂರು ಗಂಟೆಯ ಕ್ಯಾಸೆಟ್ ಇಳಿಯಲು ಮೂರು ಗಂಟೆಯೇ ಬೇಕು. ಬೇಗ ಓಡಿಸುವ ಅಡ್ಡದಾರಿ ಇಲ್ಲ.

ಅಂಗಡಿಯವರನ್ನು ಕೇಳಬೇಕಾದದ್ದು: ಯಾವ ಪ್ಲೇಯರ್ ಬಳಸುತ್ತೀರಿ? ಬರೀ ಡಿವಿಡಿ ಕೊಡುತ್ತೀರಾ, ಫೈಲನ್ನೇ ಕೊಡುತ್ತೀರಾ? ಕಂಪ್ರೆಸ್ ಮಾಡುವ ಮೊದಲಿನ ಮೂಲ ಫೈಲ್ ಸಿಗುತ್ತದಾ? ಕ್ಯಾಸೆಟ್ ವಾಪಸ್ ಕೊಡುತ್ತೀರಾ? ಮೊದಲನೆಯದಕ್ಕೆ "ವಿಸಿಆರ್ ಸಾರ್, ಇನ್ನೇನು" ಅಂತ ಉತ್ತರ ಬಂದರೆ ಬೇರೆ ಅಂಗಡಿ ನೋಡಿ. ಮೊದಲ ಸಲ ಒಂದೇ ಕ್ಯಾಸೆಟ್ ಕೊಟ್ಟು ನೋಡುವುದು ಒಳ್ಳೆಯದು, ಅದೂ ಅಷ್ಟು ಮುಖ್ಯವಲ್ಲದ್ದು.

## ಕ್ಯಾಸೆಟ್ಟು, ಪ್ಲೇಯರು

ವರ್ಷಗಟ್ಟಲೆ ಮುಟ್ಟಿಲ್ಲ. ಸೀದಾ ಹಾಕಿ ಪ್ಲೇ ಮಾಡಬಹುದಾ?

ಮೊದಲು ಕಣ್ಣಲ್ಲಿ ನೋಡಿ. ವಿಎಚ್‌ಎಸ್ ಕ್ಯಾಸೆಟ್ಟಿನ ಪಕ್ಕದಲ್ಲಿ ಮುಚ್ಚಳದ ಹತ್ತಿರ ಒಂದು ಪುಟ್ಟ ಗುಂಡಿ ಇರುತ್ತದೆ. ಅದನ್ನು ಒತ್ತಿ ಹಿಡಿದರೆ ಮುಂದಿನ ಮುಚ್ಚಳ ಮೇಲೇಳುತ್ತದೆ, ರೀಲು ಕಾಣುತ್ತದೆ. ಸುಕ್ಕು, ಮಡಿಕೆ, ಅಂಚು ಹರಿದದ್ದು ಇದೆಯಾ ನೋಡಿ. ಕ್ಯಾಸೆಟ್ಟಿನ ಪಾರದರ್ಶಕ ಕಿಟಕಿಗೆ ಟಾರ್ಚ್ ಬಿಟ್ಟು ಸುತ್ತಿದ ರೀಲಿನ ಮೇಲೂ ಕಣ್ಣಾಡಿಸಿ. ಮೂಗಿನ ಹತ್ತಿರ ತಂದಾಗ ಮುಗ್ಗಲು ವಾಸನೆ ಬಂದರೆ ಮುಂದಿನ ಪ್ರಶ್ನೆ ಓದಿ.

ಎಲ್ಲ ಸರಿ ಇದ್ದರೆ ರೆಕಾರ್ಡ್ ಆಗದಂತೆ ಬಂದೋಬಸ್ತು ಮಾಡಿ. ವಿಎಚ್‌ಎಸ್‌ನಲ್ಲಿ ಬೆನ್ನಿನ ಮೂಲೆಯ ಪ್ಲಾಸ್ಟಿಕ್ ತುಣುಕನ್ನು ಮುರಿಯಬೇಕು. 8 ಮಿಲಿಮೀಟರಿನಲ್ಲಿ ಸರಿಸುವ ಗುಂಡಿ ಇದೆ. ಆಮೇಲೆ ಒಮ್ಮೆ ಕೊನೆಯವರೆಗೆ ಮುಂದಕ್ಕೆ ಓಡಿಸಿ, ಪೂರ್ತಿ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಒಂದೇ ಬಿಗಿಯಲ್ಲಿ ಕೂತ ರೀಲು ಹೀಗೆ ಸಡಿಲಾಗಿ ಸಮನಾಗಿ ಸುತ್ತಿಕೊಳ್ಳುತ್ತದೆ. ಸುತ್ತುವಾಗ ಕಿರ್ ಎಂದು ಸದ್ದು ಬಂದರೆ, ವೇಗ ತಗ್ಗಿದರೆ ಅಲ್ಲೇ ನಿಲ್ಲಿಸಿ. ತಣ್ಣನೆಯ ಜಾಗದಿಂದ ತಂದ ಕ್ಯಾಸೆಟ್ಟನ್ನು ಒಂದು ದಿನ ಕೋಣೆಯಲ್ಲಿ ಸುಮ್ನೆ ಬಿಡಿ. ರೀಲಿನ ಮೇಲೆ ಹನಿಗಟ್ಟಿದ್ದರೆ ಪ್ಲೇಯರಿನೊಳಗೆ ತಿರುಗುವ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ.

ರೀಲಿನ ಅಂಚಲ್ಲಿ ಬಿಳಿ ಪುಡಿ ಥರ ಕಾಣ್ತಿದೆ. ಒರೆಸಿದರೆ ಸಾಕಾ?

ಅದು ಬೂಷ್ಟು. ಆ ಕ್ಯಾಸೆಟ್ಟನ್ನು ಒಳ್ಳೆಯ ಪ್ಲೇಯರಿಗೆ ಹಾಕಲೇಬೇಡಿ. ಪುಡಿ ಹೆಡ್ಡಿಗೆ ಮೆತ್ತುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೆ ಹತ್ತುತ್ತದೆ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಬೇರೆಯೇ ಇಡಿ.

ಸ್ವಚ್ಛ ಮಾಡುವವರು ಮೊದಲು ಅದನ್ನು ಒಣ ಜಾಗದಲ್ಲಿಟ್ಟು ಬೂಷ್ಟು ಒಣಗಿ ಪುಡಿಯಾಗಲು ಬಿಡುತ್ತಾರೆ. ಹಸಿಯಿದ್ದಾಗ ಒರೆಸಿದರೆ ಬಳಿದುಕೊಳ್ಳುತ್ತದೆ. ಆಮೇಲೆ ಮಾಸ್ಕು, ಗ್ಲೌಸು ಹಾಕಿಕೊಂಡು, ಮನೆಯ ಹೊರಗೆ, ಇದಕ್ಕೆಂದೇ ಇಟ್ಟ ಹಳೆಯ ಯಂತ್ರದಲ್ಲಿ ರೀಲನ್ನು ನಿಧಾನ ಸುತ್ತುತ್ತ, ನೂಲು ಬಿಡದ ಬಟ್ಟೆಯಲ್ಲಿ ಒರೆಸುತ್ತಾರೆ. ಆಸ್ತಮಾ, ಅಲರ್ಜಿ ಇರುವವರು ಈ ಕೆಲಸಕ್ಕೆ ಕೈ ಹಾಕಬಾರದು. ನನ್ನ ಅಭಿಪ್ರಾಯ ಕೇಳಿದರೆ, ಬೂಷ್ಟು ಹಿಡಿದ ಮುಖ್ಯವಾದ ಕ್ಯಾಸೆಟ್ಟನ್ನು ಇದೇ ಕೆಲಸ ಮಾಡುವವರಿಗೆ ಕೊಡುವುದೇ ಲೇಸು.

ರೀಲು ಪ್ಲೇಯರಿನಲ್ಲಿ ಸಿಕ್ಕಿಹಾಕಿಕೊಂಡು ತುಂಡಾಯಿತು. ಸೆಲ್ಲೋಟೇಪ್ ಹಚ್ಚಲಾ?

ಬೇಡವೇ ಬೇಡ. ಅದರ ಅಂಟು ಕರಗಿ ಹೊರಗೆ ಬರುತ್ತದೆ, ಹೆಡ್ಡಿಗೆ ಹತ್ತಿದರೆ ಪ್ಲೇಯರೂ ಹೋಯಿತು. ಮ್ಯಾಗ್ನೆಟಿಕ್ ಟೇಪ್ ಜೋಡಿಸಲೆಂದೇ ಮಾಡಿದ ಸ್ಪ್ಲೈಸಿಂಗ್ ಟೇಪ್ ಸಿಗುತ್ತದೆ. ಅದನ್ನು ರೀಲಿನ ಹಿಂಬದಿಗೆ, ಅಂದರೆ ಹೆಡ್ ಮುಟ್ಟದ ಬದಿಗೆ ಮಾತ್ರ ಹಚ್ಚಬೇಕು. ಸುಕ್ಕಾದ ಭಾಗವನ್ನು ಕತ್ತರಿಸಿದರೆ ಅಷ್ಟು ಸೆಕೆಂಡ್ ಚಿತ್ರ ಹೋಗುತ್ತದೆ, ಆದರೆ ಉಳಿದದ್ದು ಉಳಿಯುತ್ತದೆ. ಜೋಡಿಸಿದ ಜಾಗವನ್ನು ಹೆಡ್ ಮೇಲೆ ಓಡಿಸದೆ, ಎರಡು ಭಾಗವನ್ನು ಬೇರೆ ಬೇರೆ ಇಳಿಸಿಕೊಳ್ಳುವುದು ಇನ್ನೂ ಸುರಕ್ಷಿತ.

ಇನ್ನೂ ತುಂಡಾಗಿಲ್ಲ, ಸಿಕ್ಕಿಕೊಂಡಿದೆ ಅಷ್ಟೇ ಅಂದರೆ ಎಳೆಯಬೇಡಿ. ವಿದ್ಯುತ್ ತೆಗೆದು, ಮೇಲಿನ ಮುಚ್ಚಳ ಬಿಚ್ಚಿ, ರೀಲನ್ನು ಕೈಯಿಂದ ಬಿಡಿಸಿ. ವಿಎಚ್‌ಎಸ್ ಕ್ಯಾಸೆಟ್ಟಿನ ಡಬ್ಬಿ ಒಡೆದಿದ್ದರೆ ಅಡಿಯ ಐದು ತಿರುಪು ಬಿಚ್ಚಿ, ರೀಲಿನ ಎರಡೂ ಉರುಳೆಯನ್ನು ಬೇರೆ ಒಳ್ಳೆಯ ಡಬ್ಬಿಗೆ ವರ್ಗಾಯಿಸಬಹುದು.

ಎಂಥ ವಿಸಿಆರ್ ಹುಡುಕಬೇಕು?

ಎಸ್-ವಿಎಚ್‌ಎಸ್ (ವಿಎಚ್‌ಎಸ್‌ನ ಸುಧಾರಿತ ರೂಪ) ಪ್ಲೇಯರ್, ಎಸ್-ವಿಡಿಯೋ ಸಾಕೆಟ್ ಇರುವುದು, ಒಳಗೇ ಟಿಬಿಸಿ (ಅಲುಗಾಡುವ ಚಿತ್ರವನ್ನು ನೆಟ್ಟಗೆ ನಿಲ್ಲಿಸುವ ಸರ್ಕ್ಯೂಟ್) ಇರುವುದು ಸಿಕ್ಕರೆ ಅದೃಷ್ಟ. ಮಾಮೂಲಿ ವಿಎಚ್‌ಎಸ್ ಕ್ಯಾಸೆಟ್ಟೂ ಅದರಲ್ಲಿ ಓಡುತ್ತದೆ, ಚಿತ್ರ ಹೆಚ್ಚು ಸ್ಥಿರವಾಗಿ ಬರುತ್ತದೆ. ಅದು ಸಿಗದಿದ್ದರೆ ಸುಸ್ಥಿತಿಯಲ್ಲಿರುವ ಹೈ-ಫೈ ಸ್ಟೀರಿಯೋ ವಿಸಿಆರ್ ಸಾಕು. ಮಾಡೆಲ್ಲಿನ ಹೆಸರಿಗಿಂತ ಅದು ಹೇಗಿದೆ ಅನ್ನುವುದು ಮುಖ್ಯ. ಬಳಸಿ ಬಳಸಿ ಸವೆದ ದುಬಾರಿ ಪ್ಲೇಯರಿಗಿಂತ ಕಡಿಮೆ ಓಡಿದ ಸಾಧಾರಣ ಪ್ಲೇಯರ್ ವಾಸಿ.

ತಂದ ತಕ್ಷಣ ಬೇಡದ ಕ್ಯಾಸೆಟ್ ಹಾಕಿ ಅರ್ಧ ಗಂಟೆ ಓಡಿಸಿ, ಹೊರತೆಗೆದು ರೀಲಿನ ಅಂಚು ಮಡಿಚಿದೆಯಾ ನೋಡಿ. ಮದುವೆಯ ಕ್ಯಾಸೆಟ್ಟಿನ ಸರದಿ ಆಮೇಲೆ.

ಇನ್ನೊಂದು ಗುಟ್ಟು: ನಿಧಾನ ವೇಗದಲ್ಲಿ, ಅಂದರೆ ಎಲ್‌ಪಿ ಅಥವಾ ಇಪಿಯಲ್ಲಿ ರೆಕಾರ್ಡ್ ಮಾಡಿದ್ದನ್ನು ಆಗ ರೆಕಾರ್ಡ್ ಮಾಡಿದ ಅದೇ ಹಳೆಯ ವಿಸಿಆರ್ ಕೆಲವೊಮ್ಮೆ ಎಲ್ಲಕ್ಕಿಂತ ಚೆನ್ನಾಗಿ ಓದುತ್ತದೆ. ಮನೆಯ ಮೂಲೆಯಲ್ಲಿ ಅದಿನ್ನೂ ಇದ್ದರೆ ಗುಜರಿಗೆ ಹಾಕಬೇಡಿ.

ಪರದೆ ತುಂಬ ಚುಕ್ಕಿ ಚುಕ್ಕಿ. ಹೆಡ್ ಕ್ಲೀನ್ ಮಾಡೋದು ಹೇಗೆ?

ಮೊದಲು ಟ್ರ್ಯಾಕಿಂಗ್ (ಹೆಡ್ಡನ್ನು ರೀಲಿನ ಮೇಲಿನ ಜಾಡಿಗೆ ಹೊಂದಿಸುವ ಗುಂಡಿ) ತಿರುಗಿಸಿ, ಇನ್ನೊಂದು ಕ್ಯಾಸೆಟ್ ಹಾಕಿ ನೋಡಿ. ಎಲ್ಲದರಲ್ಲೂ ಚುಕ್ಕಿ ಬಂದರೆ ಹೆಡ್ ಕೊಳೆಯಾಗಿದೆ.

ಪ್ಲಗ್ ಕಿತ್ತು ಮುಚ್ಚಳ ತೆಗೆಯಿರಿ. ಒಳಗೆ ಸ್ವಲ್ಪ ಓರೆಯಾಗಿ ನಿಂತ ಬೆಳ್ಳಿ ಬಣ್ಣದ ಡ್ರಮ್ ಕಾಣುತ್ತದೆ. ಅದರ ಅಂಚಿನ ಸಂದಿನಲ್ಲಿ ಕಂಡೂ ಕಾಣದಷ್ಟು ಸಣ್ಣ ತುದಿಗಳಿವೆ, ಅವೇ ಹೆಡ್. ನೂಲು ಬಿಡದ ಮೆತ್ತನೆಯ ಚರ್ಮದ ತುಂಡಿಗೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ. ಅದನ್ನು ಡ್ರಮ್ಮಿಗೆ ಹಗುರವಾಗಿ ಒತ್ತಿ ಅಲುಗಿಸದೆ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಡ್ರಮ್ಮಿನ ಮೇಲ್ತುದಿ ಹಿಡಿದು ನಿಧಾನ ತಿರುಗಿಸಿ. ತುಂಡಿನ ಮೇಲೆ ಕಂದು ಗೆರೆ ಮೂಡುತ್ತದೆ. ಜಾಗ ಬದಲಿಸಿ ಮತ್ತೆ ಹಿಡಿಯಿರಿ, ಗೆರೆ ನಿಲ್ಲುವವರೆಗೆ. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡಿನ ತುದಿ ಮುರಿಯುತ್ತದೆ. ಕಿವಿಗೆ ಹಾಕುವ ಹತ್ತಿಯ ಕಡ್ಡಿಯೂ ಬೇಡ, ಅದರ ನೂಲು ಸಿಕ್ಕಿಕೊಳ್ಳುತ್ತದೆ. ಪೂರ್ತಿ ಆರಿದ ಮೇಲೆ ಕ್ಯಾಸೆಟ್ ಹಾಕಿ.

## ಕಂಪ್ಯೂಟರಿಗೆ ಇಳಿಸುವಾಗ

ಏನೇನು ಸಾಮಾನು ಬೇಕು?

ಪ್ಲೇಯರ್, ವೈರ್, ಯುಎಸ್‌ಬಿ ಕ್ಯಾಪ್ಚರ್ ಸಾಧನ (ಪ್ಲೇಯರಿನ ಚಿತ್ರ, ಸದ್ದನ್ನು ಡಿಜಿಟಲ್ ಮಾಡಿ ಕಂಪ್ಯೂಟರಿಗೆ ಕೊಡುವ ಪುಟ್ಟ ಸಾಧನ), ಕಂಪ್ಯೂಟರ್. ಹಳದಿ ವೈರ್ ಚಿತ್ರಕ್ಕೆ, ಕೆಂಪು ಬಿಳಿ ಸದ್ದಿಗೆ. ಪ್ಲೇಯರಿನಲ್ಲಿ ಎಸ್-ವಿಡಿಯೋ ಇದ್ದರೆ ಹಳದಿಯ ಬದಲು ಅದನ್ನೇ ಬಳಸಿ. ಅದು ಹೊಳಪನ್ನೂ ಬಣ್ಣವನ್ನೂ ಬೇರೆ ಬೇರೆ ತಂತಿಯಲ್ಲಿ ಕಳಿಸುವುದರಿಂದ ಅಂಚುಗಳಲ್ಲಿ ಬಣ್ಣ ಕಲಸುವುದು ಕಡಿಮೆ. ರೆಕಾರ್ಡ್ ಮಾಡಲು ವರ್ಚುವಲ್‌ಡಬ್, ಒಬಿಎಸ್ ಎರಡೂ ಉಚಿತ. ನನಗೆ ಈ ಕೆಲಸಕ್ಕೆ ವರ್ಚುವಲ್‌ಡಬ್ ಇಷ್ಟ. ಎಷ್ಟು ಫ್ರೇಮ್ ಬಿಟ್ಟುಹೋಯಿತು ಎಂದು ಅದು ಕಣ್ಣೆದುರೇ ತೋರಿಸುತ್ತದೆ.

ಶುರು ಮಾಡುವ ಮುನ್ನ ವಿಸಿಆರ್ ಮೆನುವಿನಲ್ಲಿ ನೀಲಿ ಪರದೆಯ ಆಯ್ಕೆ ಇದ್ದರೆ ಆಫ್ ಮಾಡಿ. ಅದು ಆನ್ ಇದ್ದರೆ ಸಿಗ್ನಲ್ ಸ್ವಲ್ಪ ಕ್ಷೀಣಿಸಿದ ಕಡೆಯೆಲ್ಲ ಚಿತ್ರದ ಬದಲು ಬರೀ ನೀಲಿ ರೆಕಾರ್ಡ್ ಆಗುತ್ತದೆ.

ಎವಿಯನ್ನು ಎಚ್‌ಡಿಎಂಐ ಮಾಡುವ ಪುಟ್ಟ ಡಬ್ಬಿ ಸಿಗುತ್ತಲ್ಲ, ಅದು ಒಳ್ಳೇದಲ್ವಾ?

ಟಿವಿಯಲ್ಲಿ ನೋಡಲು ಒಳ್ಳೇದು, ಇಳಿಸಿಕೊಳ್ಳಲು ಅಲ್ಲ. ಅದು ಚಿತ್ರವನ್ನು ತನಗೆ ತೋಚಿದಂತೆ ದೊಡ್ಡದು ಮಾಡಿ, ಅಗಲಕ್ಕೆ ಎಳೆದು ಕಳಿಸುತ್ತದೆ. ಒಮ್ಮೆ ಹಾಗೆ ರೆಕಾರ್ಡ್ ಆದರೆ ಹಿಂದಕ್ಕೆ ತರಲಾಗದು.

ಯಾವ ಫಾರ್ಮ್ಯಾಟ್‌ನಲ್ಲಿ ಸೇವ್ ಮಾಡಲಿ? ಎಷ್ಟು ಜಾಗ ಬೇಕು?

ಎರಡು ಪ್ರತಿ ಮಾಡಿ. ಒಂದು ಎತ್ತಿಡಲು, ಒಂದು ನೋಡಲು.

ಎತ್ತಿಡುವುದಕ್ಕೆ ಏನೂ ನಷ್ಟವಾಗದ ಕೊಡೆಕ್ (ವಿಡಿಯೋವನ್ನು ಒತ್ತಿ ಚಿಕ್ಕದು ಮಾಡುವ ವಿಧಾನ) ಬಳಸಿ. ಹಫ್‌ವೈಯುವಿ ಇಳಿಸುವಾಗ ಹಗುರ, ಎಫ್‌ಎಫ್‌ವಿ1 ಜಾಗ ಕಡಿಮೆ ತಿನ್ನುತ್ತದೆ. ಕ್ಯಾಸೆಟ್ ಪ್ಯಾಲ್ ಎಂಬ ಟಿವಿ ಪದ್ಧತಿಯದಾದರೆ (ಭಾರತದ್ದು ಇದೇ) 720×576, ಸೆಕೆಂಡಿಗೆ 25 ಫ್ರೇಮ್. ಎನ್‌ಟಿಎಸ್‌ಸಿ (ಅಮೆರಿಕ, ಜಪಾನಿನ ಪದ್ಧತಿ) ಆದರೆ 720×480, 29.97 ಫ್ರೇಮ್. ಏನೂ ಕಂಪ್ರೆಸ್ ಮಾಡದಿದ್ದರೆ ಗಂಟೆಗೆ ಸುಮಾರು 75 ಜಿಬಿ ಬೇಕು. ನಷ್ಟವಿಲ್ಲದ ಕೊಡೆಕ್‌ನಲ್ಲಿ ಅದರ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ನೋಡಲು, ನೆಂಟರಿಗೆ ಕಳಿಸಲು ಎಚ್.264 ಎಂಪಿ4 ಮಾಡಿ, ಗಂಟೆಗೆ ಎರಡು ಮೂರು ಜಿಬಿ ಸಾಕು.

1080 ಅಥವಾ 4ಕೆಯಲ್ಲಿ ಇಳಿಸಬೇಕಾ ಅಂತ ಬಹಳ ಜನ ಕೇಳುತ್ತಾರೆ. ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ಸುಮಾರು 240 ಗೆರೆಯಷ್ಟು ವಿವರ ಇರುತ್ತದೆ, ಹೈ8ನಲ್ಲಿ ಸುಮಾರು 400. ಇಲ್ಲದ ವಿವರ ಫೈಲ್ ದೊಡ್ಡದು ಮಾಡಿದರೆ ಬರುವುದಿಲ್ಲ.

ಚಿತ್ರ ಅಲುಗಾಡುತ್ತೆ, ಬಾಗಿಲಿನ ಚೌಕಟ್ಟು ಅಂಕುಡೊಂಕಾಗಿ ಕಾಣುತ್ತೆ. ಯಾಕೆ?

ರೀಲು ಸ್ವಲ್ಪ ಹಿಗ್ಗಿರುತ್ತದೆ, ಮೋಟಾರಿನ ವೇಗವೂ ಕೂದಲೆಳೆಯಷ್ಟು ಏರುಪೇರಾಗುತ್ತದೆ. ಹಾಗಾಗಿ ಚಿತ್ರದ ಒಂದೊಂದು ಗೆರೆಯೂ ಒಂದಿಷ್ಟು ಮುಂಚೆಯೋ ತಡವೋ ಶುರುವಾಗುತ್ತದೆ. ಹಳೆಯ ದಪ್ಪ ಟಿವಿ ಇದನ್ನು ಸಹಿಸಿಕೊಳ್ಳುತ್ತಿತ್ತು. ಕ್ಯಾಪ್ಚರ್ ಸಾಧನ ಸಹಿಸಿಕೊಳ್ಳುವುದಿಲ್ಲ.

ಇದಕ್ಕೆ ಮದ್ದು ಟೈಮ್ ಬೇಸ್ ಕರೆಕ್ಟರ್, ಅಂದರೆ ಟಿಬಿಸಿ. ಇದರಲ್ಲಿ ಎರಡು ಬಗೆ. ಲೈನ್ ಟಿಬಿಸಿ ಪ್ರತಿ ಗೆರೆಯನ್ನೂ ಸಾಲಾಗಿ ನಿಲ್ಲಿಸುತ್ತದೆ. ಕೆಲವು ಎಸ್-ವಿಎಚ್‌ಎಸ್ ಪ್ಲೇಯರ್, ಕೆಲವು ಹೈ8 ಕ್ಯಾಮೆರಾಗಳ ಒಳಗೇ ಇದು ಇರುತ್ತದೆ. ಫ್ರೇಮ್ ಟಿಬಿಸಿ ಇಡೀ ಫ್ರೇಮನ್ನು ಹಿಡಿದಿಟ್ಟು, ಕ್ಯಾಪ್ಚರ್ ಸಾಧನಕ್ಕೆ ಬಿಟ್ಟುಬಿಡದ ಸಿಗ್ನಲ್ ಕೊಡುತ್ತದೆ. ಅದು ಬೇರೆ ಪೆಟ್ಟಿಗೆ, ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಬಡವರ ಉಪಾಯ ಒಂದಿದೆ: ಕೆಲವು ಹಳೆಯ ಡಿವಿಡಿ ರೆಕಾರ್ಡರುಗಳ ಒಳಗಿಂದ ಸಿಗ್ನಲ್ ಹಾಯಿಸಿ, ಡಿಸ್ಕ್ ಹಾಕದೆ ಹೊರಗೆ ತೆಗೆದುಕೊಂಡರೆ ಹೆಚ್ಚುಕಡಿಮೆ ಇದೇ ಕೆಲಸ ಆಗುತ್ತದೆ. ಎಲ್ಲ ಮಾಡೆಲ್ಲಿನಲ್ಲೂ ಆಗುವುದಿಲ್ಲ, ಹಾಕಿ ನೋಡಬೇಕು.

ಶುರುವಿನಲ್ಲಿ ತುಟಿಗೂ ಮಾತಿಗೂ ಸರಿ ಹೊಂದುತ್ತೆ, ಕೊನೆಗೆ ಬರುವಷ್ಟರಲ್ಲಿ ತಪ್ಪುತ್ತೆ!

ನಡುವೆ ಫ್ರೇಮುಗಳು ಬಿಟ್ಟುಹೋಗಿವೆ. ಅಲುಗಾಡುವ ಸಿಗ್ನಲ್ ಒಂದು ಕಾರಣ. ಚಿತ್ರ ಒಂದು ಸಾಧನದಿಂದ, ಸದ್ದು ಕಂಪ್ಯೂಟರಿನ ಮೈಕ್ ಸಾಕೆಟ್ಟಿನಿಂದ ಹೋಗುತ್ತಿದ್ದರೆ ಎರಡರ ಗಡಿಯಾರವೂ ಬೇರೆಯಾಗಿರುವುದು ಇನ್ನೊಂದು ಕಾರಣ. ಎರಡನ್ನೂ ಒಂದೇ ಸಾಧನದಿಂದ ತನ್ನಿ. ಯುಎಸ್‌ಬಿ ಹಬ್ ಬೇಡ, ಕಂಪ್ಯೂಟರಿಗೆ ನೇರ ಸಿಕ್ಕಿಸಿ. ಇಳಿಯುತ್ತಿರುವಾಗ ಅದರಲ್ಲಿ ಬೇರೆ ಕೆಲಸ ಮಾಡಬೇಡಿ.

ಸದ್ದಿನಲ್ಲಿ ಬರ್ರ್ ಎನ್ನುವ ಗೊರಕೆ ಬರುತ್ತಿದ್ದರೆ ಅದು ಬೇರೆ ವಿಷಯ. ಹೈ-ಫೈ ಟ್ರ್ಯಾಕ್ ಸರಿಯಾಗಿ ಓದುತ್ತಿಲ್ಲ. ಟ್ರ್ಯಾಕಿಂಗ್ ಸರಿಮಾಡಿ. ಆಗಲಿಲ್ಲವೆಂದರೆ ವಿಸಿಆರ್‌ನಲ್ಲಿ ಆಡಿಯೋವನ್ನು ಹೈ-ಫೈಯಿಂದ ನಾರ್ಮಲ್‌ಗೆ ಬದಲಿಸಿ. ರೀಲಿನ ಅಂಚಿನಲ್ಲಿರುವ ಮಾಮೂಲಿ ಮೋನೋ ಟ್ರ್ಯಾಕ್ ಕೇಳಿಸುತ್ತದೆ. ಸ್ವಲ್ಪ ಮಂಕು, ಆದರೆ ಗೊರಕೆ ಇಲ್ಲ.

ವಿದೇಶದಿಂದ ಬಂದ ಕ್ಯಾಸೆಟ್ ಹಾಕಿದರೆ ಚಿತ್ರ ಉರುಳುತ್ತೆ, ಇಲ್ಲವೇ ಕಪ್ಪುಬಿಳುಪು ಬರುತ್ತೆ.

ಪ್ಯಾಲ್, ಎನ್‌ಟಿಎಸ್‌ಸಿ, ಸೆಕ್ಯಾಮ್ ಎಂದು ಮೂರು ಪದ್ಧತಿ ಇದ್ದವು. ಕ್ಯಾಸೆಟ್ ಯಾವ ಪದ್ಧತಿಯದೋ ಪ್ಲೇಯರೂ ಅದನ್ನೇ ಓದಬೇಕು, ಕ್ಯಾಪ್ಚರ್ ಸೆಟ್ಟಿಂಗೂ ಅದೇ ಇರಬೇಕು. ಕೆಲವು ಪ್ಯಾಲ್ ವಿಸಿಆರ್‌ಗಳು ಎನ್‌ಟಿಎಸ್‌ಸಿ ಕ್ಯಾಸೆಟ್ಟನ್ನು ಪ್ಯಾಲ್-60 ಎಂಬ ಮಿಶ್ರ ರೂಪದಲ್ಲಿ ಕಳಿಸುತ್ತವೆ. ಟಿವಿಯಲ್ಲಿ ಚೆನ್ನಾಗಿ ಕಂಡದ್ದು ಕಂಪ್ಯೂಟರಿನಲ್ಲಿ ಕೆಟ್ಟರೆ ಇದನ್ನು ಶಂಕಿಸಿ.

ಮಿನಿಡಿವಿಗೂ ಇದೇ ಕಸರತ್ತು ಮಾಡಬೇಕಾ?

ಇಲ್ಲ. ಅದರ ರೀಲಿನ ಮೇಲೆ ಇರುವುದೇ ಡಿಜಿಟಲ್ ಮಾಹಿತಿ. ಹಳದಿ ವೈರಿನಿಂದ ಇಳಿಸಿದರೆ ಸುಮ್ನೆ ಗುಣಮಟ್ಟ ಕಳೆದುಕೊಂಡಂತೆ. ಫೈರ್‌ವೈರ್ (ಕ್ಯಾಮೆರಾದಿಂದ ಡಿಜಿಟಲ್ ಮಾಹಿತಿ ಸಾಗಿಸುವ ಹಳೆಯ ಬಗೆಯ ಸಂಪರ್ಕ) ಕೇಬಲ್ಲಿನಿಂದ ಹಾಗೇ ನಕಲು ಮಾಡಿ, ಗಂಟೆಗೆ 13 ಜಿಬಿ ಆಗುತ್ತದೆ. ಹೊಸ ಕಂಪ್ಯೂಟರುಗಳಲ್ಲಿ ಫೈರ್‌ವೈರ್ ಇರುವುದಿಲ್ಲ. ಹಳೆಯ ಲ್ಯಾಪ್‌ಟಾಪ್ ಹುಡುಕಿ, ಅಥವಾ ಡೆಸ್ಕ್‌ಟಾಪಿಗೆ ಫೈರ್‌ವೈರ್ ಕಾರ್ಡ್ ಹಾಕಿ. ಕ್ಯಾಮೆರಾದ ಯುಎಸ್‌ಬಿ ನೋಡಿ ಮೋಸಹೋಗಬೇಡಿ, ಹಲವು ಕ್ಯಾಮೆರಾಗಳಲ್ಲಿ ಅದು ಫೋಟೋಗಷ್ಟೇ.

ಕೆಲವು ಡಿಜಿಟಲ್8 ಕ್ಯಾಮೆರಾಗಳು ಹಳೆಯ ವಿಡಿಯೋ8, ಹೈ8 ಕ್ಯಾಸೆಟ್ಟನ್ನೂ ಓಡಿಸಿ ಫೈರ್‌ವೈರಿನಲ್ಲಿ ಮಿನಿಡಿವಿಯಂತೆಯೇ ಡಿಜಿಟಲ್ ರೂಪದಲ್ಲಿ (ಡಿವಿ) ಕೊಡುತ್ತವೆ. 8 ಮಿಲಿಮೀಟರ್ ಕ್ಯಾಸೆಟ್ ರಾಶಿ ಇರುವವರಿಗೆ ಇದಕ್ಕಿಂತ ಸಲೀಸು ದಾರಿ ಇಲ್ಲ.

## ಇಳಿಸಿಕೊಂಡ ಮೇಲೆ

ಯಾರಾದರೂ ಓಡಿದಾಗ ಅಂಚಲ್ಲಿ ಬಾಚಣಿಗೆ ಹಲ್ಲಿನ ಥರ ಗೆರೆ ಬರುತ್ತೆ. ಕ್ಯಾಸೆಟ್ ಹಾಳಾಗಿದೆಯಾ?

ಹಾಳಾಗಿಲ್ಲ. ಆಗಿನ ವಿಡಿಯೋ ಒಂದು ಫ್ರೇಮನ್ನು ಎರಡು ಕಂತಿನಲ್ಲಿ ತೋರಿಸುತ್ತಿತ್ತು: ಮೊದಲು ಒಂದು ಬಿಟ್ಟು ಒಂದು ಗೆರೆ, ಆಮೇಲೆ ಉಳಿದವು. ಇದೇ ಇಂಟರ್‌ಲೇಸ್. ಎರಡನ್ನೂ ಒಟ್ಟಿಗೆ ತೋರಿಸುವ ಈಗಿನ ಪರದೆಯಲ್ಲಿ ಹಲ್ಲು ಕಾಣುತ್ತದೆ.

ಎತ್ತಿಡುವ ಪ್ರತಿಯನ್ನು ಹಾಗೇ ಬಿಡಿ. ನೋಡುವ ಪ್ರತಿಯಲ್ಲಿ ಮಾತ್ರ ಡಿಇಂಟರ್‌ಲೇಸ್ ಮಾಡಿ, ಅಂದರೆ ಎರಡು ಕಂತನ್ನು ಬಿಡಿಸಿ ಪೂರ್ತಿ ಫ್ರೇಮ್ ಮಾಡಿ. ಆಗ ಪ್ಯಾಲ್ ವಿಡಿಯೋವನ್ನು 25 ಫ್ರೇಮಿಗೆ ಇಳಿಸದೆ 50 ಫ್ರೇಮ್ ಮಾಡಿ. ಮಕ್ಕಳು ಓಡಾಡುವುದು ಟಿವಿಯಲ್ಲಿ ಕಂಡಷ್ಟೇ ನಯವಾಗಿ ಕಾಣುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರಿನಲ್ಲಿ ಹೀಗೆ ಮಾಡುವ ಬಾಬ್ ಆಯ್ಕೆ ಇದೆ. ತಾಳ್ಮೆ ಇದ್ದವರಿಗೆ ಅವಿಸಿಂತ್ ಎಂಬ ಸಾಫ್ಟ್‌ವೇರಿನ ಕ್ಯೂಟಿಜಿಎಂಸಿ ಇನ್ನೂ ಚೆನ್ನ.

ಚಿತ್ರದ ಕೆಳಗಡೆ ಒಂದು ಪಟ್ಟಿ ಸದಾ ಪಟಪಟ ಅಂತಿರುತ್ತೆ.

ಡ್ರಮ್ಮಿನ ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ಬದಲಾಗುವ ಜಾಗ ಅದು. ಎಲ್ಲ ವಿಎಚ್‌ಎಸ್‌ನಲ್ಲೂ ಇದೆ. ಹಳೆಯ ಟಿವಿಯ ಚೌಕಟ್ಟು ಅದನ್ನು ಮುಚ್ಚಿಡುತ್ತಿತ್ತು. ನೋಡುವ ಪ್ರತಿಯಲ್ಲಿ ಅದರ ಮೇಲೆ ಕಪ್ಪು ಪಟ್ಟಿ ಹಾಕಿದರಾಯಿತು.

ಎಐ ಹಾಕಿ ಎಚ್‌ಡಿ ಮಾಡಿದರೆ ಹೇಗೆ?

ನೋಡುವ ಪ್ರತಿಯ ಇನ್ನೊಂದು ನಕಲಿನಲ್ಲಿ ಬೇಕಾದರೆ ಆಟ ಆಡಿ. ನನಗಂತೂ ಹಿಡಿಸುವುದಿಲ್ಲ. ಹಿಂದಿನ ಸಾಲಿನಲ್ಲಿ ಮಸುಕಾಗಿ ಕೂತ ಅಜ್ಜಿಗೆ ಅದು ಕಣ್ಣು, ತುಟಿ ಊಹಿಸಿ ಬರೆಯುತ್ತದೆ. ಮುಖ ಸ್ಪಷ್ಟವಾಗುತ್ತದೆ, ಅಜ್ಜಿ ಮಾತ್ರ ಬೇರೆ ಯಾರೋ ಆಗಿರುತ್ತಾಳೆ. ಹಾಗೆಯೇ 4:3 ಚಿತ್ರವನ್ನು ಪರದೆ ತುಂಬಲೆಂದು ಅಗಲಕ್ಕೆ ಎಳೆಯಬೇಡಿ. ಅಕ್ಕಪಕ್ಕ ಕಪ್ಪು ಇದ್ದರೆ ಇರಲಿ.

ಫೈಲುಗಳನ್ನು ಎಲ್ಲಿಡಲಿ? ಕ್ಯಾಸೆಟ್ ಎಸೆಯಬಹುದಾ?

ಮೂರು ಪ್ರತಿ, ಎರಡು ಬೇರೆ ಥರದ ಜಾಗ, ಒಂದು ಮನೆಯ ಹೊರಗೆ. ಎರಡು ಹಾರ್ಡ್‌ಡಿಸ್ಕ್, ಒಂದು ಕ್ಲೌಡ್ ಅಂದರೆ ಸಾಕು. ಒಂದು ಡಿಸ್ಕನ್ನು ತಂಗಿಯ ಮನೆಯಲ್ಲಿಟ್ಟರೂ ಆದೀತು. ಆಗಾಗ ತೆರೆದು ನೋಡಿ. ಬರೆಯುವ ಡಿವಿಡಿಯನ್ನೇ ನಂಬಿ ಕೂರಬೇಡಿ.

ಫೈಲಿನ ಹೆಸರು ವರ್ಷದಿಂದ ಶುರುವಾಗಲಿ, ಆಗ ತಾನಾಗಿ ಸಾಲಾಗುತ್ತವೆ. ಕ್ಯಾಸೆಟ್ಟಿನ ಮೇಲಿನ ಚೀಟಿಯ ಫೋಟೋ ತೆಗೆದು ಜೊತೆಗಿಡಿ. ಇನ್ನು ತಾಂತ್ರಿಕವಲ್ಲದ ಒಂದು ಕೆಲಸ: ಮನೆಯ ಹಿರಿಯರನ್ನು ಕೂರಿಸಿಕೊಂಡು ಒಮ್ಮೆ ನೋಡಿ. "ಇವನು ಯಾರು, ಇದು ಯಾರ ಮನೆ" ಎಂದು ಕೇಳಿ, ಎಷ್ಟನೇ ನಿಮಿಷ ಎನ್ನುವುದರ ಸಮೇತ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಡಿ. ಚಿತ್ರ ಉಳಿದು ಹೆಸರು ಮರೆತುಹೋದ ವಿಡಿಯೋಗಳು ಬೇಕಾದಷ್ಟಿವೆ.

ಕ್ಯಾಸೆಟ್ ಎಸೆಯಬೇಡಿ. ಪೂರ್ತಿ ಹಿಂದಕ್ಕೆ ಸುತ್ತಿ, ಪುಸ್ತಕದಂತೆ ನಿಲ್ಲಿಸಿ, ಒಣ ಜಾಗದಲ್ಲಿಡಿ. ಯಾಕೆ ಅನ್ನುವುದು ಮುಂದಿನ ಉತ್ತರದಲ್ಲಿದೆ.

ವಿಎಚ್‌ಎಸ್-ಡಿಕೋಡ್ ಅಂತ ಏನೋ ಇದೆಯಂತಲ್ಲ, ಏನದು?

ಮಾಮೂಲಿ ದಾರಿಯಲ್ಲಿ ಹೆಡ್ ಓದಿದ ಕಚ್ಚಾ ಸಿಗ್ನಲ್ಲನ್ನು ವಿಸಿಆರ್ ಒಳಗಿನ ಸರ್ಕ್ಯೂಟುಗಳು ಚಿತ್ರವನ್ನಾಗಿ ಮಾಡಿ ಹಳದಿ ವೈರಿಗೆ ಕೊಡುತ್ತವೆ. ವಿಎಚ್‌ಎಸ್-ಡಿಕೋಡ್ ಎಂಬ ಸಾಫ್ಟ್‌ವೇರ್ ಬಳಸುವವರು ಆ ಸರ್ಕ್ಯೂಟುಗಳನ್ನೇ ಬಿಟ್ಟುಬಿಡುತ್ತಾರೆ. ವಿಸಿಆರ್ ಬೋರ್ಡಿನ ಮೇಲಿನ ಪರೀಕ್ಷಾ ಪಿನ್ನಿಗೆ ವೈರ್ ಬೆಸೆದು, ಕಚ್ಚಾ ಸಿಗ್ನಲ್ಲನ್ನು ಹಾಗೇ ರೆಕಾರ್ಡ್ ಮಾಡುತ್ತಾರೆ. ಚಿತ್ರ ಮಾಡುವುದು, ಗೆರೆ ಸರಿಪಡಿಸುವುದು, ಬಣ್ಣ ಬಿಡಿಸುವುದು ಎಲ್ಲ ಆಮೇಲೆ ಸಾಫ್ಟ್‌ವೇರಿನಲ್ಲಿ. ದುಬಾರಿ ಟಿಬಿಸಿ ಬೇಕಿಲ್ಲ. ನಾಳೆ ಸಾಫ್ಟ್‌ವೇರ್ ಸುಧಾರಿಸಿದರೆ ಅದೇ ರೆಕಾರ್ಡಿಂಗಿನಿಂದ ಇನ್ನೂ ಚೆನ್ನಾದ ಚಿತ್ರ ತೆಗೆಯಬಹುದು, ಕ್ಯಾಸೆಟ್ ಮತ್ತೆ ಓಡಿಸಬೇಕಿಲ್ಲ.

ತೊಂದರೆಗಳೂ ಇವೆ. ಬೆಸುಗೆ ಹಾಕಲು ಬರಬೇಕು, ಕಮಾಂಡ್ ಲೈನ್ ಗೊತ್ತಿರಬೇಕು, ಡಿಕೋಡ್ ಆಗಲು ಬಹಳ ಹೊತ್ತು ಹಿಡಿಯುತ್ತದೆ. ಹೈ-ಫೈ ಆಡಿಯೋವನ್ನು ಬೇರೆ ಪಿನ್ನಿನಿಂದ ತೆಗೆದು ಆಮೇಲೆ ಜೋಡಿಸಬೇಕು. ಹೊಸಬರು ಇದರಿಂದ ಶುರು ಮಾಡಬೇಡಿ. ಮೊದಲು ಎಲ್ಲ ಕ್ಯಾಸೆಟ್ಟನ್ನೂ ಮಾಮೂಲಿ ದಾರಿಯಲ್ಲಿ ಇಳಿಸಿ. ತೀರಾ ಬೇಕಾದ ಎರಡು ಮೂರಕ್ಕೆ ಆಮೇಲೆ ಇದನ್ನು ಪ್ರಯತ್ನಿಸಿ. ಈ ದಾರಿಯಲ್ಲೂ ಹೆಡ್ಡು ಸ್ವಚ್ಛವಾಗಿರಬೇಕು, ರೀಲು ಸಮನಾಗಿ ಓಡಬೇಕು. ಅಲ್ಲಿ ಓದದೆ ಬಿಟ್ಟದ್ದನ್ನು ಯಾವ ಸಾಫ್ಟ್‌ವೇರೂ ತರುವುದಿಲ್ಲ.